ಕೆಟ್ಟ ಬೆಲ್ಲದಿಂದ ಬಯೋಡೀಸೆಲ್: ಗುಲಾಬಿ ಯೀಸ್ಟ್ ಬೆಳೆಸಿ ಎಣ್ಣೆ ತೆಗೆಯುವ ರೀತಿ

ಬೀದರ್ ಜಿಲ್ಲೆಯ ಭಾಲ್ಕಿ ತಾಲೂಕಿನಲ್ಲಿ ನಮ್ಮ ಅಪ್ಪನ ಗಾಣ ಇದೆ. ದೀಪಾವಳಿ ಮುಗಿದ ಮೇಲೆ ಶುರುವಾದರೆ ಶಿವರಾತ್ರಿ ಆಚೆಗೂ ನಡೆಯುತ್ತದೆ. ಮಾರಾಟವಾಗದೆ ಉಳಿದ ಬೆಲ್ಲ ಮಳೆಗಾಲದಲ್ಲಿ ನೀರು ಬಿಟ್ಟುಕೊಳ್ಳುತ್ತದೆ. ಮೆತ್ತಗಾಗಿ, ಕಪ್ಪಾಗಿ, ಮೂಲೆಗೆ ಬೀಳುತ್ತದೆ. ನಾನು ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ. ಆರು ವರ್ಷದಿಂದ ಆ ಬೆಲ್ಲ ತಂದು, ಕೊನೆ ವರ್ಷದ ಮಕ್ಕಳ ಜೊತೆ ಯೀಸ್ಟ್ ಬೆಳೆಸುತ್ತೇನೆ. ಯೀಸ್ಟ್‌ನಿಂದ ಎಣ್ಣೆ, ಎಣ್ಣೆಯಿಂದ ಬಯೋಡೀಸೆಲ್. ಒಂದು ಸಲಕ್ಕೆ ಸಿಗುವುದು ಹತ್ತು ಮಿಲಿ ಚಿಲ್ಲರೆ, ಒಂದು ಸಣ್ಣ ಔಷಧಿ ಸೀಸೆಯಷ್ಟು. ಅದಕ್ಕೆ ಹದಿನೈದು ದಿನ ಬೇಕು.

ಇಷ್ಟು ವಿವರವಾಗಿ ಬರೆಯಲು ಕಾರಣ ನಮ್ಮ ದೊಡ್ಡಪ್ಪನ ಹೊಂಡ. ಹತ್ತು ವರ್ಷದ ಹಿಂದೆ ಒಬ್ಬರು ಬಂದು, ಹೊಲದಲ್ಲಿ ಪಾಚಿ ಬೆಳೆಸಿ, ಅದರಿಂದ ಡೀಸೆಲ್ ಬರುತ್ತದೆ, ಪಾಚಿ ನಾವೇ ಕೊಳ್ಳುತ್ತೇವೆ ಎಂದು ಹೇಳಿ ಮುಂಗಡ ತಗೊಂಡು ಹೋದರು. ದೊಡ್ಡಪ್ಪ ಎರಡು ಗುಂಟೆಯಲ್ಲಿ ಒಂದು ಅಡಿ ಆಳಕ್ಕೆ ಹೊಂಡ ತೆಗೆಸಿ ಪ್ಲಾಸ್ಟಿಕ್ ಹಾಸಿದರು. ನೀರು ಹಸಿರಾಯಿತು. ಕೊಳ್ಳುವವರು ಬರಲಿಲ್ಲ, ಫೋನ್ ಎತ್ತಲಿಲ್ಲ. ನಾನು ಒಂದು ದಿನ ಹೋಗಿ 10 ಲೀಟರ್ ನೀರು ತಂದು, ಸೋಸಿ, ಒಣಗಿಸಿ ತೂಕ ಹಾಕಿದೆ. 3 ಗ್ರಾಂ ಬಂತು. ಹೊಂಡದಲ್ಲಿದ್ದದ್ದು ಸುಮಾರು 60,000 ಲೀಟರ್. ಅಂದರೆ ಇಡೀ ಹೊಂಡಕ್ಕೆ 18 ಕೆಜಿ ಒಣ ಪಾಚಿ. ಅದರಲ್ಲಿ ನೂರಕ್ಕೆ 15 ಎಣ್ಣೆ ಅಂತ ಹಿಡಿದರೂ 2.7 ಕೆಜಿ. ಬೇಸಿಗೆಯಲ್ಲಿ ಆ ಹೊಂಡದ ನೀರು ದಿನಕ್ಕೆ 8 ಮಿಲಿಮೀಟರ್ ಇಳಿದರೂ 1,600 ಲೀಟರ್ ಆರಿ ಹೋದ ಹಾಗೆ. ಅದನ್ನು ತುಂಬಲು ಬೋರ್‌ವೆಲ್ ಓಡಿಸಬೇಕು. ಈ ಲೆಕ್ಕ ಮೊದಲೇ ಕೈಯಲ್ಲಿದ್ದಿದ್ದರೆ ದೊಡ್ಡಪ್ಪ ದುಡ್ಡು ಕೊಡುತ್ತಿರಲಿಲ್ಲ.

ಅಮೆರಿಕ ಸರ್ಕಾರವೇ 1978ರಿಂದ 1996ರವರೆಗೆ ಪಾಚಿ ಎಣ್ಣೆಯ ಮೇಲೆ ಕೆಲಸ ಮಾಡಿಸಿತು. 3,000ಕ್ಕೂ ಜಾಸ್ತಿ ತಳಿ ಸಂಗ್ರಹಿಸಿತು. ಖರ್ಚು ಆಗಿನ ಡೀಸೆಲ್ ಬೆಲೆಗೆ ಹೊಂದಲಿಲ್ಲ. ಕೊನೆಗೆ ನಿಲ್ಲಿಸಿತು. ಹಾಗಂತ ವಿದ್ಯೆ ಸುಳ್ಳಲ್ಲ. ಸೂಕ್ಷ್ಮಜೀವಿಯ ಹೊಟ್ಟೆಯಲ್ಲಿ ಎಣ್ಣೆ ಇರುವುದು ಖಂಡಿತ ನಿಜ. ಎಷ್ಟು ಹಾಕಿದರೆ ಎಷ್ಟು ಬರುತ್ತದೆ ಎನ್ನುವುದನ್ನು ನೀವೇ ತೂಗಿ ನೋಡಬೇಕು, ಅಷ್ಟೇ. ಅದಕ್ಕೇ ನಮ್ಮ ಲ್ಯಾಬ್‌ನಲ್ಲಿ ಈ ಕೆಲಸ ಶುರುವಾಗುವುದು ತಕ್ಕಡಿಯಿಂದ. ಪ್ರತಿ ಹೆಜ್ಜೆಗೂ ತೂಕ ಹಾಕಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಪೆನ್ಸಿಲ್ ಬೇಡ, ಪೆನ್‌ನಲ್ಲಿ.

ಯಾವ ಜೀವಿ, ಎಲ್ಲಿಂದ

ಒಣ ತೂಕದ ನೂರಕ್ಕೆ 20ಕ್ಕಿಂತ ಜಾಸ್ತಿ ಎಣ್ಣೆ ಕೂಡಿಡುವ ಸೂಕ್ಷ್ಮಜೀವಿಗಳನ್ನು ಎಣ್ಣೆ ಜೀವಿಗಳು ಅಂತ ಕರೆಯುತ್ತಾರೆ. ಬ್ರೆಡ್‌ಗೆ ಹಾಕುವ ಯೀಸ್ಟ್ ಈ ಗುಂಪಿನದಲ್ಲ. ಪಾಚಿಗಳಲ್ಲಿ ಕ್ಲೋರೆಲ್ಲಾ, ಸೀನಿಡೆಸ್ಮಸ್, ಯೀಸ್ಟ್‌ಗಳಲ್ಲಿ ಲಿಪೊಮೈಸಿಸ್ ಸ್ಟಾರ್ಕಿ, ಯಾರೋವಿಯಾ ಲಿಪೊಲಿಟಿಕಾ, ರೋಡೋಟೊರುಲಾ ಟೊರುಲಾಯ್ಡಿಸ್ ಈ ಗುಂಪಿನವು. ಪಾಚಿಗೆ ಬಿಸಿಲು, ಜಾಗ, ನೀರು ಎಲ್ಲ ಬೇಕು. ಯೀಸ್ಟ್‌ಗೆ ಸಕ್ಕರೆ ಸಾಕು, ಕತ್ತಲ ಮೂಲೆಯಲ್ಲೂ ಐದು ದಿನಕ್ಕೆ ತಯಾರಾಗುತ್ತದೆ. ಗಾಣ ಇರುವ ಊರಿಗೆ ಯೀಸ್ಟೇ ಸರಿ. ಯಾರೋವಿಯಾ ಬೇಡ. ಬೆಲ್ಲದಲ್ಲಿ ಇರುವುದು ಹೆಚ್ಚಾಗಿ ಸುಕ್ರೋಸ್, ಅದನ್ನು ಒಡೆಯುವ ಕಿಣ್ವ ಅದಕ್ಕಿಲ್ಲ. ರೋಡೋಟೊರುಲಾ ಸುಕ್ರೋಸನ್ನು ತಾನೇ ಒಡೆದು ತಿನ್ನುತ್ತದೆ.

ರೋಡೋಟೊರುಲಾ ಬೆಳೆದರೆ ಗುಲಾಬಿ, ಸ್ವಲ್ಪ ದಿನಕ್ಕೆ ಕಿತ್ತಳೆ ಬಣ್ಣ. ಕಬ್ಬಿನ ಎಲೆ ಮೇಲೆ, ಹೂವಿನಲ್ಲಿ, ಗಾಳಿಯಲ್ಲಿ ಎಲ್ಲ ಕಡೆ ಈ ಬಳಗದ ಯೀಸ್ಟ್ ಸಿಗುತ್ತದೆ. ಆದರೂ ಕಂಡದ್ದನ್ನು ತಂದು ಲೀಟರ್‌ಗಟ್ಟಲೆ ಬೆಳೆಸಬೇಡಿ. ಗುಲಾಬಿ ಇರುವುದೆಲ್ಲ ಯೀಸ್ಟ್ ಆಗಿರಲ್ಲ, ಬಚ್ಚಲ ಕಲ್ಲಿನ ಮೇಲಿನ ಗುಲಾಬಿ ಲೋಳೆ ಎಷ್ಟೋ ಸಲ ಸೆರೇಷಿಯಾ ಎಂಬ ಬ್ಯಾಕ್ಟೀರಿಯಾ. ಇದೇ ಬಳಗದ ಕೆಲವು ಯೀಸ್ಟ್‌ಗಳು ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಸೋಂಕು ಹಚ್ಚುತ್ತವೆ. ಹೆಸರು ಗೊತ್ತಿರುವ ತಳಿಯನ್ನೇ ತರಿಸಿ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮತ್ತು ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯಲ್ಲಿ ತಳಿ ಸಂಗ್ರಹಗಳಿವೆ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆದು ತರಿಸಬೇಕು. ಇದನ್ನು ಮನೆಯ ಅಡುಗೆಕೋಣೆಯಲ್ಲಿ ಮಾಡಲು ಹೋಗಬೇಡಿ. ಮುಂದೆ ಮೆಥನಾಲ್, ಎಣ್ಣೆಯನ್ನು ಕರಗಿಸಿಕೊಳ್ಳುವ ಹೆಕ್ಸೇನ್, ಆಸಿಡ್ ಎಲ್ಲ ಬರುತ್ತವೆ. ಲ್ಯಾಬ್ ಬೇಕೇ ಬೇಕು.

ಕಬ್ಬಿನ ಪಾಠ

ಯೀಸ್ಟ್ ಎಣ್ಣೆ ಮಾಡುವುದು ಯಾವಾಗ? ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ನಾನು ಮಕ್ಕಳಿಗೆ ಪುಸ್ತಕ ತೆಗೆಯುವ ಮೊದಲು ಅಪ್ಪನ ಮಾತು ಹೇಳುತ್ತೇನೆ. ಕಬ್ಬಿಗೆ ಕೊನೆ ತಿಂಗಳುಗಳಲ್ಲಿ ಯೂರಿಯಾ ಹಾಕಬಾರದು. ಹಾಕಿದರೆ ಕಬ್ಬು ಹಸಿರಾಗಿ ಬೆಳೆಯುತ್ತಲೇ ಇರುತ್ತದೆ, ಹಾಲಿಗೆ ಸಿಹಿ ಇಳಿಯಲ್ಲ, ಬೆಲ್ಲ ಗಟ್ಟಿ ಕಟ್ಟಲ್ಲ. ಬೆಳೆಯುವುದು ನಿಂತ ಮೇಲೆಯೇ ಕಬ್ಬು ಸಕ್ಕರೆ ಕೂಡಿಡುತ್ತದೆ.

ಯೀಸ್ಟ್ ಕೂಡ ಹಾಗೇ. ಸಾರಜನಕ ಇರುವ ತನಕ ಅದು ಪ್ರೋಟೀನ್ ಕಟ್ಟುತ್ತದೆ, ಮರಿ ಹಾಕುತ್ತದೆ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಸಾರಜನಕ ಮುಗಿದು ಸಕ್ಕರೆ ಮಾತ್ರ ಉಳಿದರೆ ಮರಿ ಹಾಕಲು ಆಗಲ್ಲ, ತಿನ್ನುವುದು ಮಾತ್ರ ನಿಲ್ಲಲ್ಲ. ಜೀವಕೋಶದ ಒಳಗೆ ಸಿಟ್ರಿಕ್ ಆಮ್ಲ ತುಂಬಿಕೊಳ್ಳುತ್ತದೆ. ಎಣ್ಣೆ ಯೀಸ್ಟ್‌ನಲ್ಲಿ ಆ ಸಿಟ್ರಿಕ್ ಆಮ್ಲವನ್ನು ಒಡೆಯುವ ಒಂದು ಕಿಣ್ವ ಇದೆ. ಒಡೆದಾಗ ಬರುವ ತುಂಡುಗಳನ್ನು ಜೋಡಿಸಿ ಜೀವಕೋಶ ಕೊಬ್ಬು ಕಟ್ಟುತ್ತದೆ. ಬ್ರೆಡ್ ಯೀಸ್ಟ್‌ನಲ್ಲಿ ಆ ಕಿಣ್ವ ಇಲ್ಲ.

ಹಾಗಾಗಿ ಒಂದು ಕಡೆ ಸಕ್ಕರೆ ಧಾರಾಳ, ಇನ್ನೊಂದು ಕಡೆ ಸಾರಜನಕ ಕಟ್ಟುನಿಟ್ಟು. ನಮ್ಮ ಅಳತೆ ಇದು. ಒಂದು ಲೀಟರ್ ನೀರಿಗೆ ಬೆಲ್ಲ 60 ಗ್ರಾಂ, ಅಮೋನಿಯಂ ಸಲ್ಫೇಟ್ 1 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ ಅರ್ಧ ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 2 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 1 ಗ್ರಾಂ. 60 ಗ್ರಾಂ ಬೆಲ್ಲದಲ್ಲಿ ಸಕ್ಕರೆ ಸುಮಾರು 50 ಗ್ರಾಂ, ಅದರಲ್ಲಿ ಇಂಗಾಲ 21 ಗ್ರಾಂ. ಅಮೋನಿಯಂ ಸಲ್ಫೇಟ್‌ನ ನೂರಕ್ಕೆ 21 ಭಾಗ ಸಾರಜನಕ, ಅಂದರೆ 0.21 ಗ್ರಾಂ. ಯೀಸ್ಟ್ ಎಕ್ಸ್‌ಟ್ರಾಕ್ಟ್‌ನಿಂದ ಇನ್ನೊಂದು 0.05. ಒಟ್ಟು 0.26. ಇಂಗಾಲಕ್ಕೂ ಸಾರಜನಕಕ್ಕೂ 80ಕ್ಕೆ 1ರ ಅನುಪಾತ ಬಂತು. ಈ ಅನುಪಾತ 10ರ ಹತ್ತಿರ ಇದ್ದರೆ ಯೀಸ್ಟ್ ಜಾಸ್ತಿ, ಎಣ್ಣೆ ಇಲ್ಲ. ತೀರಾ ಮೇಲೆ ಹೋದರೆ ಯೀಸ್ಟೇ ಬೆಳೆಯಲ್ಲ.

ಬೆಲ್ಲದ ಬಗ್ಗೆ ಒಂದು ಮಾತು. ಕೆಲವು ಗಾಣಗಳಲ್ಲಿ ಬಣ್ಣ ಹಳದಿ ಬರಲಿ ಎಂದು ಹೈಡ್ರೋಸ್ ಎಂಬ ಬಣ್ಣ ತಿಳಿ ಮಾಡುವ ರಾಸಾಯನಿಕ ಹಾಕುತ್ತಾರೆ. ಅದರಲ್ಲಿನ ಗಂಧಕದ ಅಂಶ ಯೀಸ್ಟ್‌ಗೆ ಆಗಿಬರಲ್ಲ. ಅಪ್ಪ ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಹಾಕಿ ಕೊಳೆ ತೆಗೆಯುತ್ತಾರೆ. ಆ ಬೆಲ್ಲ ಕಪ್ಪಗಿರುತ್ತದೆ, ಯೀಸ್ಟ್ ಚೆನ್ನಾಗಿ ಬೆಳೆಯುತ್ತದೆ. ಬೆಲ್ಲ ಬಿಸಿ ನೀರಿನಲ್ಲಿ ಕರಗಿಸಿ, ರಾತ್ರಿ ಹಾಗೇ ಬಿಟ್ಟು, ಮೇಲಿನ ತಿಳಿಯನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಸುಣ್ಣ, ಮಣ್ಣು, ನಾರು ಎಲ್ಲ ಕೆಳಗೆ ಉಳಿಯುತ್ತದೆ. ಅದು ಒಳಗೆ ಹೋದರೆ ಕೊನೆಗೆ ಒಣ ಯೀಸ್ಟ್‌ನ ತೂಕದಲ್ಲಿ ಸೇರಿಕೊಂಡು ಲೆಕ್ಕ ಕೆಡಿಸುತ್ತದೆ.

ಬೆಳೆಸುವುದು

ತಳಿ ಬಂದ ಕೂಡಲೇ ಅಗಾರ್ ಎಂಬ ಜೆಲ್ಲಿಯಂಥ ಗಟ್ಟಿ ಆಹಾರದ ಮೇಲೆ ಗೀಚಿ, 28ರಿಂದ 30 ಡಿಗ್ರಿಯಲ್ಲಿ ಎರಡು ದಿನ ಇಡಿ. ಗುಂಡಗೆ, ನುಣ್ಣಗೆ, ಹೊಳೆಯುವ ಗುಲಾಬಿ ಚುಕ್ಕೆಗಳು ಏಳುತ್ತವೆ. ಒಂದು ಚುಕ್ಕೆ ತೆಗೆದು ಯೀಸ್ಟ್ ಬೆಳೆಸುವ ಮಾಮೂಲಿ ಸಾರಿನಲ್ಲಿ ಒಂದೂವರೆ ದಿನ ಶೇಕರ್ ಎಂಬ ಅಲುಗಾಡಿಸುವ ಯಂತ್ರದ ಮೇಲೆ ಬೆಳೆಸಿ. ಇದು ಬೀಜ. ಐದು ಲೀಟರ್‌ಗೆ ಅರ್ಧ ಲೀಟರ್ ಬೀಜ ಬೇಕು.

ನಮ್ಮ ಮೊದಲ ವರ್ಷ ಇಲ್ಲೇ ಕೆಟ್ಟಿತು. ಬೀಜವನ್ನು ಸಾರಿನ ಸಮೇತ ಬೆಲ್ಲದ ನೀರಿಗೆ ಸುರಿದೆವು. ಐದನೇ ದಿನ ಬಾಟಲಿ ತುಂಬ ದಪ್ಪನೆ ಗುಲಾಬಿ ಯೀಸ್ಟ್, ಒಣಗಿಸಿದರೆ 62 ಗ್ರಾಂ. ಮಕ್ಕಳಿಗೆ ಖುಷಿಯೋ ಖುಷಿ. ಎಣ್ಣೆ ತೆಗೆದರೆ 5 ಗ್ರಾಂ ಬಂತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಬೀಜ ಬೆಳೆಸುವ ಸಾರಿನಲ್ಲಿ ಲೀಟರಿಗೆ 20 ಗ್ರಾಂ ಪೆಪ್ಟೋನ್, 10 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರುತ್ತದೆ, ಎರಡರಲ್ಲೂ ಸಾರಜನಕ ಜಾಸ್ತಿ. ಆ ಅರ್ಧ ಲೀಟರ್ ಸಾರಿನ ಜೊತೆ ಒಳಗೆ ಹೋದ ಸಾರಜನಕ, ನಾವು ಅಳೆದು ಹಾಕಿದ್ದಕ್ಕಿಂತ ಜಾಸ್ತಿ ಇತ್ತು. ಗ್ರಾಂ ಲೆಕ್ಕದಲ್ಲಿ ಉಪವಾಸ ಹಾಕಿ, ಬೀಜದ ಜೊತೆ ಊಟ ಬಡಿಸಿದ ಹಾಗಾಯಿತು. ಆಮೇಲಿಂದ ಬೀಜವನ್ನು, ಜೋರಾಗಿ ತಿರುಗಿಸಿ ಯೀಸ್ಟನ್ನು ತಳ ಸೇರಿಸುವ ಯಂತ್ರವಾದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಸಾರು ಚೆಲ್ಲಿ, ಶುದ್ಧ ಮಾಡಿದ ನೀರಿನಲ್ಲಿ ಎರಡು ಸಲ ತೊಳೆದು ಹಾಕುತ್ತೇವೆ. ಇದನ್ನು ಖಂಡಿತ ಬಿಡಬೇಡಿ.

ಪಾತ್ರೆಗೆ 5 ಲೀಟರ್‌ನ ಎರಡು ಗಾಜಿನ ಬಾಟಲಿ ಸಾಕು. ಒಂದೊಂದಕ್ಕೆ ಎರಡೂವರೆ ಲೀಟರ್ ಮಾತ್ರ ಹಾಕಿ. ಬೆಲ್ಲದ ನೀರು ಮತ್ತು ಉಪ್ಪುಗಳ ನೀರನ್ನು ಬೇರೆ ಬೇರೆ ಆಟೋಕ್ಲೇವ್ ಮಾಡಿ (ದೊಡ್ಡ ಪ್ರೆಶರ್ ಕುಕ್ಕರ್‌ನಂಥ ಯಂತ್ರದ ಹಬೆಯಲ್ಲಿ ಸೂಕ್ಷ್ಮಜೀವಿ ಸಾಯಿಸುವುದು), 121 ಡಿಗ್ರಿ, 20 ನಿಮಿಷ. ಒಟ್ಟಿಗೆ ಬೇಯಿಸಿದರೆ ಸಕ್ಕರೆಯೂ ಸಾರಜನಕವೂ ಸೇರಿ ಕಂದು ಕಟ್ಟುತ್ತವೆ. ಆರಿದ ಮೇಲೆ ಕೂಡಿಸಿ, ಪಿಎಚ್ 5.5ಕ್ಕೆ ತನ್ನಿ. ಹುಳಿ ಸ್ವಲ್ಪ ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾ ಕಾಟ ಕಡಿಮೆ.

ಗಾಳಿ ಬಹಳ ಮುಖ್ಯ. ಮೀನಿನ ತೊಟ್ಟಿಗೆ ಹಾಕುವ ಪಂಪ್, ಮಧ್ಯೆ ಹತ್ತಿ ತುಂಬಿ ಆಟೋಕ್ಲೇವ್ ಮಾಡಿದ ಗಾಜಿನ ಕೊಳವೆ, ತುದಿಗೆ ಗುಳ್ಳೆ ಕಲ್ಲು. ರೋಡೋಟೊರುಲಾ ಸಕ್ಕರೆಯನ್ನು ಹುದುಗಿಸಲ್ಲ, ಹೆಂಡ ಮಾಡಲ್ಲ. ಗಾಳಿ ಇಲ್ಲದಿದ್ದರೆ ಸುಮ್ನೆ ಕೂತುಬಿಡುತ್ತದೆ. ಇದರಿಂದ ಒಂದು ಉಪಕಾರವೂ ಇದೆ. ಬಾಟಲಿಯ ಬಾಯಿಯಲ್ಲಿ ಹೆಂಡದ ವಾಸನೆ ಬಂದರೆ ಬೇರೆ ಯೀಸ್ಟ್ ನುಗ್ಗಿದೆ ಅಂತ ತಕ್ಷಣ ತಿಳಿಯುತ್ತದೆ. ಕೊಳೆತ ವಾಸನೆ ಬಂದರೆ ಬ್ಯಾಕ್ಟೀರಿಯಾ. ಎರಡರಲ್ಲೂ ಉಳಿಸಲು ನೋಡಬೇಡಿ, ಆಟೋಕ್ಲೇವ್ ಮಾಡಿ ಚೆಲ್ಲಿ. ಸರಿಯಾಗಿ ಬೆಳೆದ ಬಾಟಲಿಗೆ ಹಣ್ಣಿನಂಥ ತೆಳು ವಾಸನೆ ಇರುತ್ತದೆ. ಕರೆಂಟ್ ಹೋಗುವ ಊರಾದ್ದರಿಂದ ಪಂಪ್‌ಗೆ ಒಂದು ಸಣ್ಣ ಇನ್ವರ್ಟರ್ ಇಟ್ಟುಕೊಳ್ಳಿ.

ಸೆಕೆ ಇನ್ನೊಂದು ಕಷ್ಟ. 35 ಡಿಗ್ರಿ ದಾಟಿದರೆ ಈ ಯೀಸ್ಟ್ ಸೊರಗುತ್ತದೆ. ಬೀದರ್ ಎತ್ತರದಲ್ಲಿದೆ, ನಮಗೆ ಫೆಬ್ರವರಿ ಕೊನೆಯ ತನಕ ಕೋಣೆಯಲ್ಲೇ ನಡೆಯುತ್ತದೆ. ಕಲಬುರಗಿ, ಯಾದಗಿರಿ ಕಡೆಯವರು ಡಿಸೆಂಬರ್, ಜನವರಿಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಮಾರ್ಚ್‌ನಲ್ಲಿ ಮಾಡಲೇಬೇಕಾದಾಗ ನಾವು ಬಾಟಲಿಯನ್ನು ನೀರು ತುಂಬಿದ ದೊಡ್ಡ ಮಣ್ಣಿನ ಗಡಿಗೆಯೊಳಗೆ ಇಳಿಸಿ, ಗಡಿಗೆಗೆ ಒದ್ದೆ ಗೋಣಿ ಸುತ್ತಿದ್ದೆವು. ಹೊರಗೆ 38 ಇದ್ದಾಗ ಒಳಗೆ 31 ನಿಂತಿತು. ಗೋಣಿಗೆ ಮೂರು ಹೊತ್ತು ನೀರು ಚಿಮುಕಿಸಲು ಮಕ್ಕಳು ಪಾಳಿ ಹಾಕಿಕೊಂಡಿದ್ದರು.

ನೊರೆ ಬರುತ್ತದೆ. ಬಂದಾಗ ಪಂಪ್ ಸ್ವಲ್ಪ ತಗ್ಗಿಸಿ, ಬೇರೇನೂ ಮಾಡಬೇಡಿ. ಮೂರನೇ ವರ್ಷ 41 ಗ್ರಾಂ ಯೀಸ್ಟ್‌ನಿಂದ 22 ಗ್ರಾಂ ಎಣ್ಣೆ ಬಂತು. ನೂರಕ್ಕೆ 50ರ ಮೇಲೆ! ನಾನು ಮನೆಗೆ ಹೋಗಿ ಅಪ್ಪನಿಗೂ ಹೇಳಿದೆ. ಮಾರನೇ ದಿನ ಒಬ್ಬ ಹುಡುಗಿ ಹತ್ತಿರ ಬಂದು, ಮೇಡಂ, ನೊರೆ ಉಕ್ಕುತ್ತಿತ್ತು ಅಂತ ಒಂದು ಚಮಚ ಅಡುಗೆ ಎಣ್ಣೆ ಹಾಕಿದ್ದೆ ಎಂದು ಮೆಲ್ಲಗೆ ಹೇಳಿದಳು. ಅಡುಗೆಯಲ್ಲಿ ಹಾಲು, ಬೇಳೆ ಉಕ್ಕಿದಾಗ ಎಲ್ಲರೂ ಮಾಡುವುದೇ ಅಲ್ವಾ. ನಾವು ತೆಗೆದದ್ದರಲ್ಲಿ ಅರ್ಧ ಸೂರ್ಯಕಾಂತಿ ಎಣ್ಣೆ. ಆ ವರ್ಷದ ಎಣ್ಣೆಯ ಬಣ್ಣ ತೆಳುವಾಗಿತ್ತು, ಅದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು. ಅವಳು ಹೇಳಿದ್ದಕ್ಕೆ ನಾನು ಇವತ್ತಿಗೂ ಅವಳನ್ನು ನೆನೆಯುತ್ತೇನೆ. ಆಮೇಲಿಂದ ನೋಟ್‌ಬುಕ್‌ನಲ್ಲಿ ಒಂದು ಸಾಲು ಸೇರಿತು: ಬಾಟಲಿಗೆ ಏನೇ ಹಾಕಿದರೂ, ಒಂದು ಹನಿಯಾದರೂ, ಬರೆಯಬೇಕು.

ಎಣ್ಣೆ ಕಟ್ಟುವುದನ್ನು ಕಣ್ಣಾರೆ ನೋಡಬಹುದು. ದಿನಕ್ಕೊಂದು ಹನಿ ತೆಗೆದು ಗಾಜಿನ ಮೇಲೆ ಹಚ್ಚಿ, ಎಣ್ಣೆಗೆ ಕಪ್ಪಗೆ ಹಿಡಿಯುವ ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಮೊದಲ ದಿನ ಕೋಶಗಳು ಚಿಕ್ಕವು, ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಅಲ್ಲೊಂದು ಇಲ್ಲೊಂದು. ಬಹಳಷ್ಟು ಕೋಶಗಳಿಗೆ ಮೊಗ್ಗು, ಅಂದರೆ ಹುಟ್ಟುತ್ತಿರುವ ಮರಿ, ಅಂಟಿಕೊಂಡಿರುತ್ತದೆ. ಎರಡನೇ ದಿನಕ್ಕೆ ಮೊಗ್ಗು ಕಡಿಮೆ. ನಾಲ್ಕನೇ ದಿನ ನೋಡಿದರೆ ಕೋಶ ಉಬ್ಬಿ ದುಂಡಗಾಗಿರುತ್ತದೆ, ಒಳಗೆ ಒಂದೋ ಎರಡೋ ದೊಡ್ಡ ಹನಿ, ಉಳಿದದ್ದೆಲ್ಲ ಅಂಚಿಗೆ ಒತ್ತಿಕೊಂಡಿರುತ್ತದೆ. ಬಣ್ಣ ಹಾಕದೆ ನೋಡಿದರೆ ಆ ಹನಿ ದೀಪದ ಹಾಗೆ ಹೊಳೆಯುತ್ತದೆ. ಆ ದಿನ ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್‌ಗೆ ಸಾಲು ನಿಲ್ಲುತ್ತಾರೆ. ಒಂದು ಸಲ ಅಪ್ಪನೂ ಬಂದು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

ಐದನೇ ದಿನ ನಿಲ್ಲಿಸಿ. ಇನ್ನೂ ಬಿಟ್ಟರೆ, ಸಕ್ಕರೆ ಮುಗಿದಿದ್ದರೆ ಯೀಸ್ಟ್ ತಾನು ಕೂಡಿಟ್ಟ ಎಣ್ಣೆಯನ್ನೇ ತಿನ್ನಲು ಶುರು ಮಾಡುತ್ತದೆ.

ಎಣ್ಣೆ ತೆಗೆಯುವುದು

ರೋಡೋಟೊರುಲಾದ ಮೈಮೇಲೆ ಲೋಳೆ ಇರುತ್ತದೆ, ತಾನಾಗಿ ಬೇಗ ತಳ ಸೇರಲ್ಲ. ಸೆಂಟ್ರಿಫ್ಯೂಜ್ ಇದ್ದರೆ ಕಂತು ಕಂತಾಗಿ ತಿರುಗಿಸಿ. ಇಲ್ಲದಿದ್ದರೆ ಫ್ರಿಜ್‌ನಲ್ಲಿ ಎರಡು ರಾತ್ರಿ ಇಟ್ಟು ಮೇಲಿನ ನೀರು ಬಸಿಯಿರಿ. ಎರಡು ಸಲ ನೀರಿನಲ್ಲಿ ತೊಳೆಯಿರಿ, ಬೆಲ್ಲದ ಕಂದು ಪೂರ್ತಿ ಹೋಗಬೇಕು. 60 ಡಿಗ್ರಿ ಓವನ್‌ನಲ್ಲಿ ಒಣಗಿಸಿ, ಎರಡು ಸಲ ತೂಗಿದಾಗ ಅದೇ ತೂಕ ಬರುವ ತನಕ. ಅದು ಒಣ ಯೀಸ್ಟ್‌ನ ತೂಕ. ಬರೆದುಕೊಳ್ಳಿ.

ಕೋಶದ ಗೋಡೆ ದಪ್ಪ. ಹಾಗೇ ಹೆಕ್ಸೇನ್ ಹಾಕಿದರೆ ಎಣ್ಣೆ ಹೊರಗೆ ಬರಲ್ಲ. ಪುಡಿ ಮಾಡಿದ ಯೀಸ್ಟ್‌ಗೆ, ಗ್ರಾಂಗೆ 10 ಮಿಲಿ ಲೆಕ್ಕದಲ್ಲಿ 4 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, 60 ಡಿಗ್ರಿ ನೀರಿನ ಪಾತ್ರೆಯಲ್ಲಿ ಎರಡು ಗಂಟೆ ಇಡಿ. ಗಟ್ಟಿ ಆಸಿಡ್ ಒಂದು ಪಾಲಿಗೆ ನೀರು ಎರಡು ಪಾಲು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕನ್ನಡಕ, ಕೈಗವಸು, ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಇಲ್ಲದೆ ಈ ಹೆಜ್ಜೆ ಮಾಡಬೇಡಿ. ಆರಿದ ಮೇಲೆ ಹೆಕ್ಸೇನ್ ಹಾಕಿ ಕುಲುಕಿ, ಬೇರ್ಪಡಿಸುವ ಆಲಿಕೆಯಲ್ಲಿ ಬಿಡಿ. ಮೇಲಿನ ಪದರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನ್ ಬಳಗದ್ದೇ ಈ ಬಣ್ಣ, ಎಣ್ಣೆಯ ಜೊತೆ ಅದೂ ಬರುತ್ತದೆ. ಮೂರು ಸಲ ಹೀಗೆ ತೆಗೆದು ಕೂಡಿಸಿ. 1959ರಲ್ಲಿ ಬ್ಲೈ ಮತ್ತು ಡೈಯರ್ ಎಂಬ ಇಬ್ಬರು ಬರೆದಿಟ್ಟ ಕ್ಲೋರೋಫಾರಂ, ಮೆಥನಾಲ್ ವಿಧಾನದಲ್ಲಿ ಎಣ್ಣೆ ಇನ್ನೂ ಪೂರ್ತಿಯಾಗಿ ಬರುತ್ತದೆ. ಆದರೆ ಕ್ಲೋರೋಫಾರಂ ಮಕ್ಕಳ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತದೆ, ಕಿಡಿ ಕಂಡರೆ ಹೊತ್ತಿಕೊಳ್ಳುತ್ತದೆ. ಬರ್ನರ್ ಹತ್ತಿರ ಸುಳಿಯಬಾರದು. ಬಿಸಿ ನೀರಿನ ಮೇಲೆ, ಡಿಸ್ಟಿಲ್ ಮಾಡಿ ವಾಪಸ್ ಹಿಡಿಯಿರಿ, ಮುಂದಿನ ಸಲಕ್ಕೆ ಆಗುತ್ತದೆ. ಉಳಿದ ಎಣ್ಣೆಯನ್ನು ತೂಗುವಾಗ ಅವಸರ ಬೇಡ. ಹೆಕ್ಸೇನ್ ಚೂರು ಉಳಿದಿದ್ದರೂ ತೂಕ ಹೆಚ್ಚು ತೋರಿಸುತ್ತದೆ. ಇದನ್ನೂ ಎರಡು ಸಲ ಒಂದೇ ತೂಕ ಬರುವ ತನಕ ಆರಿಸಬೇಕು.

ಎಣ್ಣೆಯಿಂದ ಬಯೋಡೀಸೆಲ್

ಹತ್ತು ಗ್ರಾಂ ಎಣ್ಣೆಯ ಮೇಲೆ ನೇರವಾಗಿ ಕೈ ಇಡಬೇಡಿ. ಮೊದಲು 100 ಗ್ರಾಂ ಕುಸುಬಿ ಎಣ್ಣೆಯಲ್ಲಿ ಅಭ್ಯಾಸ ಮಾಡಿ, ನಮ್ಮ ಕಡೆ ಅದು ಒಳ್ಳೆಯದೇ ಸಿಗುತ್ತದೆ. ಮೆಥನಾಲ್ 28 ಮಿಲಿಯಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 1 ಗ್ರಾಂ ಕರಗಿಸಿ, 60 ಡಿಗ್ರಿಗೆ ಕಾಯಿಸಿದ ಎಣ್ಣೆಗೆ ಸೇರಿಸಿ, ಮುಚ್ಚಿದ ಫ್ಲಾಸ್ಕ್‌ನಲ್ಲಿ ಆವಿಯನ್ನು ತಣಿಸಿ ವಾಪಸ್ ಇಳಿಸುವ ಕಂಡೆನ್ಸರ್ ಜೋಡಿಸಿ ಒಂದು ಗಂಟೆ ತಿರುಗಿಸಿ. ಆಲಿಕೆಗೆ ಸುರಿದು ರಾತ್ರಿ ಬಿಟ್ಟರೆ ಬೆಳಿಗ್ಗೆ ಎರಡು ಪದರ. ಕೆಳಗೆ ಕಂದು ಬಣ್ಣದ ಗ್ಲಿಸರಿನ್, ಮೇಲೆ ತಿಳಿ ಹಳದಿ ಬಯೋಡೀಸೆಲ್. ಎಣ್ಣೆ ಎಂದರೆ ಒಂದು ಗ್ಲಿಸರಿನ್‌ಗೆ ಅಂಟಿಕೊಂಡ ಮೂರು ಕೊಬ್ಬಿನ ಆಮ್ಲ. ಮೆಥನಾಲ್ ಬಂದು ಆ ಮೂರನ್ನೂ ಬಿಡಿಸಿಕೊಂಡು ಹೋಗುತ್ತದೆ. ಗಂಜಿಯಂಥ ಎಣ್ಣೆ ತೆಳುವಾಗಿ ಹರಿಯುವುದು ಅದರಿಂದ.

ಯೀಸ್ಟ್ ಎಣ್ಣೆಗೆ ಇದೇ ವಿಧಾನ ಹಾಕಿದರೆ ಸಾಬೂನು ಆಗುತ್ತದೆ. ಆಸಿಡ್‌ನಲ್ಲಿ ಬೇಯಿಸಿದ್ದರಿಂದ ಬಿಡಿ ಕೊಬ್ಬಿನ ಆಮ್ಲ ಜಾಸ್ತಿ ಇರುತ್ತದೆ. ಎಷ್ಟಿದೆ ಅಂತ ಮೊದಲು ಅಳೆಯಿರಿ. ಅರ್ಧ ಗ್ರಾಂ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿ, ಫಿನಾಲ್ಫ್ಥಲೀನ್ ಹಾಕಿ, 0.1 ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನು, ಗುಲಾಬಿ ಬಣ್ಣಕ್ಕೆ ತಿರುಗುವ ತನಕ, ಹನಿ ಹನಿಯಾಗಿ ಬಿಡಿ. ತಗುಲಿದ ಮಿಲಿಯನ್ನು 5.61ರಿಂದ ಗುಣಿಸಿ ಎಣ್ಣೆಯ ಗ್ರಾಂನಿಂದ ಭಾಗಿಸಿದರೆ ಆಮ್ಲ ಸಂಖ್ಯೆ. ಎಣ್ಣೆಯೇ ಕಿತ್ತಳೆ ಬಣ್ಣ, ಗುಲಾಬಿ ತಿರುಗುವುದು ಸರಿಯಾಗಿ ಕಾಣಲ್ಲ, ಕೆಳಗೆ ಬಿಳಿ ಹಾಳೆ ಇಟ್ಟು ನೋಡಿ. 2ರ ಒಳಗಿದ್ದರೆ ಮೇಲಿನ ವಿಧಾನ ನಡೆಯುತ್ತದೆ. ನಮ್ಮದು ಹೆಚ್ಚಾಗಿ ಹತ್ತು ದಾಟುತ್ತದೆ. ಅದಕ್ಕೆ ಆಸಿಡ್ ದಾರಿ: 11 ಗ್ರಾಂ ಎಣ್ಣೆಗೆ ಮೆಥನಾಲ್ 20 ಮಿಲಿ, ಗಟ್ಟಿ ಸಲ್ಫ್ಯೂರಿಕ್ ಆಮ್ಲ ಅರ್ಧ ಮಿಲಿ, 60 ದಾಟಿ 65ರ ಒಳಗೆ, ಕಂಡೆನ್ಸರ್ ಹಾಕಿ ಎಂಟು ಗಂಟೆ. ನಿಧಾನ, ಆದರೆ ಸಾಬೂನಿನ ಕಾಟ ಇಲ್ಲ. ಆಮೇಲೆ ಆರಿಸಿ, ನೀರು ಮತ್ತು ಸ್ವಲ್ಪ ಹೆಕ್ಸೇನ್ ಹಾಕಿ, ಮೇಲಿನ ಪದರ ತೆಗೆದು, ಲಿಟ್ಮಸ್ ಕೆಂಪಾಗುವುದು ನಿಲ್ಲುವ ತನಕ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಜೋರಾಗಿ ಕುಲುಕಿದರೆ ಮಜ್ಜಿಗೆ ಹಾಗೆ ಆಗಿ ಬೇರೆಯಾಗಲು ದಿನ ಹಿಡಿಯುತ್ತದೆ. ನೀರಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ ತೇವ ತೆಗೆದು, ಸೋಸಿ, ಹೆಕ್ಸೇನ್ ಆರಿಸಿ, ತೂಗಿ.

ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. ಅದರ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣಿಸುವುದೇ ಇಲ್ಲ. ನಮ್ಮಲ್ಲಿ ಬಾಟಲಿ ಬೀರುವಿನಲ್ಲಿ ಬೀಗದ ಒಳಗೆ ಇರುತ್ತದೆ, ಕೀಲಿ ನನ್ನ ಹತ್ತಿರ, ಎಷ್ಟು ತೆಗೆದೆವು ಎಂಬುದು ರಿಜಿಸ್ಟರ್‌ನಲ್ಲಿ.

ಎಣ್ಣೆ ಪೂರ್ತಿ ಬದಲಾಗಿದೆಯೇ ನೋಡಲು ಸುಲಭ ಪರೀಕ್ಷೆ ಇದೆ. 27 ಮಿಲಿ ಮೆಥನಾಲ್‌ಗೆ 3 ಮಿಲಿ ಬಯೋಡೀಸೆಲ್ ಹಾಕಬೇಕು. ನಮ್ಮ ಹತ್ತಿರ ಅಷ್ಟು ಇರಲ್ಲ, 9ಕ್ಕೆ 1 ಹಾಕುತ್ತೇವೆ. ಬಯೋಡೀಸೆಲ್ ಕರಗಿ ತಿಳಿಯಾಗಿರುತ್ತದೆ. ಬದಲಾಗದ ಎಣ್ಣೆ ಕರಗಲ್ಲ, ತಳದಲ್ಲಿ ಹನಿಯಾಗಿ ಕೂರುತ್ತದೆ. ಹನಿ ಕಂಡರೆ ಮತ್ತೆ ಮೆಥನಾಲ್ ಹಾಕಿ ಇನ್ನು ನಾಲ್ಕು ಗಂಟೆ ಇಡಿ. ಚಳಿಗಾಲದ ಬೆಳಿಗ್ಗೆ ಮಾಡಿದರೆ ಸುಮ್ನೆ ಮಬ್ಬು ಕಾಣಬಹುದು, ಮಧ್ಯಾಹ್ನ ಮಾಡಿ. ಸಾಂದ್ರತೆಯನ್ನೂ ನೋಡಬಹುದು: 1 ಮಿಲಿ ಪಿಪೆಟ್‌ನಲ್ಲಿ ಎಳೆದು ತೂಗಿದರೆ 0.86ರಿಂದ 0.90 ಗ್ರಾಂ ಬರಬೇಕು.

ಇದನ್ನು ಟ್ರ್ಯಾಕ್ಟರ್‌ಗೋ ಬೈಕ್‌ಗೋ ಹಾಕಬೇಡಿ. ಎಂಜಿನ್‌ಗೆ ಹಾಕುವ ಬಯೋಡೀಸೆಲ್‌ಗೆ ಐಎಸ್ 15607 ಎಂಬ ಭಾರತೀಯ ಮಾನಕ ಇದೆ, ಅದರ ಪರೀಕ್ಷೆಗಳು ನಮ್ಮ ಲ್ಯಾಬ್‌ನಲ್ಲಿ ಆಗಲ್ಲ. ಊರಿನಲ್ಲಿ ಪಂಪ್‌ಸೆಟ್ ಓಡಿಸಲು ಎಣ್ಣೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಹೊಂಗೆ ಬೀಜದ ಕಡೆ ಕೈ ತೋರಿಸುತ್ತೇನೆ.

ನಮ್ಮ ಲೆಕ್ಕ

ಕಳೆದ ವರ್ಷದ ನೋಟ್‌ಬುಕ್‌ನಿಂದ: ಬೆಲ್ಲ 300 ಗ್ರಾಂ, ಒಣ ಯೀಸ್ಟ್ 41 ಗ್ರಾಂ, ಎಣ್ಣೆ 11.6 ಗ್ರಾಂ, ಬಯೋಡೀಸೆಲ್ 9.2 ಗ್ರಾಂ. ಯೀಸ್ಟ್‌ನಲ್ಲಿ ನೂರಕ್ಕೆ 28 ಎಣ್ಣೆ. ಈ ಲೆಕ್ಕದಲ್ಲಿ ಒಂದು ಲೀಟರ್ ಬಯೋಡೀಸೆಲ್‌ಗೆ ಸುಮಾರು 29 ಕೆಜಿ ಬೆಲ್ಲ. ರಸಾಯನಶಾಸ್ತ್ರದ ಪ್ರಕಾರ 100 ಗ್ರಾಂ ಸಕ್ಕರೆಯಿಂದ ಜಾಸ್ತಿ ಅಂದರೆ 32 ಗ್ರಾಂ ಎಣ್ಣೆ ಬರಬಹುದು. ಒಳ್ಳೆಯ ಫರ್ಮೆಂಟರ್ ಇರುವ ಕಡೆ 20ರ ಹತ್ತಿರ ಹೋಗುತ್ತಾರೆ. ಅಂದರೆ ಎಷ್ಟೇ ಚೆನ್ನಾಗಿ ಮಾಡಿದರೂ ಒಂದು ಕೆಜಿ ಎಣ್ಣೆಗೆ ಐದು ಕೆಜಿ ಸಕ್ಕರೆ. ಮಾರುವ ಬೆಲ್ಲದಿಂದ ಇದು ಯಾವತ್ತೂ ಗಿಟ್ಟಲ್ಲ. ಹೊಲದಲ್ಲಿ ಉಳಿಯುವ ಜೋಳದ ದಂಟು, ತೊಗರಿ ಹೊಟ್ಟಿನಿಂದ ಸಕ್ಕರೆ ಬಿಡಿಸಿ ಕೊಟ್ಟರೆ ಲೆಕ್ಕ ಬೇರೆಯಾಗಬಹುದು. ದಂಟಿನಲ್ಲಿರುವ ಕ್ಸೈಲೋಸ್ ಎಂಬ ಸಕ್ಕರೆಯನ್ನೂ ಈ ಯೀಸ್ಟ್ ತಿನ್ನುತ್ತದೆ. ಕಲಬುರಗಿಯ ದಾಲ್ ಮಿಲ್‌ಗಳ ಹತ್ತಿರ ಇರುವ ಕಾಲೇಜಿನವರು ಇದನ್ನು ಮಾಡಿ ನೋಡಬೇಕು ಅಂತ ನನ್ನ ಆಸೆ. ಆಸಿಡ್‌ನಲ್ಲಿ ದಂಟು ಬೇಯಿಸಿದಾಗ ಫರ್ಫ್ಯುರಾಲ್ ಹುಟ್ಟಿ ಯೀಸ್ಟನ್ನು ತಡೆಯುತ್ತದೆ, ಅದಕ್ಕೊಂದು ದಾರಿ ಹುಡುಕಬೇಕು.

ಪ್ರತಿ ವರ್ಷ ಒಂದು ಜೋಡಿ ಬಾಟಲಿ ಹೋಲಿಕೆಗೆ ಇಡಿ, ಅದೇ ಬೆಲ್ಲ, ಆದರೆ ಅಮೋನಿಯಂ ಸಲ್ಫೇಟ್ ಲೀಟರಿಗೆ 8 ಗ್ರಾಂ. ಸಾರಜನಕದ ಉಪವಾಸದಿಂದಲೇ ಎಣ್ಣೆ ಬಂತು ಎಂದು ಹೇಳಲು ಇದು ಬೇಕು. ಯೀಸ್ಟ್ ಹಾಕದ ಬೆಲ್ಲದ ನೀರಿಗೂ ಇದೇ ಹೆಕ್ಸೇನ್ ಕೆಲಸ ಮಾಡಿ ಎಷ್ಟು ತೂಕ ಬರುತ್ತದೆ ನೋಡಿ, ಅದನ್ನು ಕಳೆಯಿರಿ.

ಕೆಲಸ ಮುಗಿದ ಮೇಲೆ ಉಳಿದ ಯೀಸ್ಟ್ ನೀರನ್ನು ಆಟೋಕ್ಲೇವ್ ಮಾಡದೆ ಮೋರಿಗೆ ಬಿಡಬೇಡಿ. ಆಸಿಡ್ ನೀರಿಗೆ ಅಡುಗೆ ಸೋಡಾವನ್ನು ಚೂರು ಚೂರೇ ಹಾಕಿ ಗುಳ್ಳೆ ನಿಂತ ಮೇಲೆ ಚೆಲ್ಲಿ. ಬಯೋಡೀಸೆಲ್ ಕಂದು ಗಾಜಿನ ಸೀಸೆಯಲ್ಲಿ ಇರಲಿ, ಬೆಳಕಿಗೆ ಆ ಕಿತ್ತಳೆ ಬಣ್ಣ ಮಾಸಿ ಹೋಗುತ್ತದೆ. ಸೀಸೆಯ ಮೇಲೆ ತಾರೀಖು, ಬೆಲ್ಲದ ತೂಕ, ಎಣ್ಣೆಯ ತೂಕ ಬರೆದು ಅಂಟಿಸಿ. ನಮ್ಮ ಬೀರುವಿನಲ್ಲಿ ಈಗ ಆರು ಸೀಸೆ ಇವೆ. ಮೂರನೆಯದರ ಚೀಟಿಯಲ್ಲಿ ಅಡುಗೆ ಎಣ್ಣೆ ಒಂದು ಚಮಚ ಅಂತಲೂ ಬರೆದಿದೆ.